ಪ್ಲೇಗಿನ ಸೂಜಿಗೆ ಕೇಳಿದ ಹೂ

ತುಬಚಿ, ಸೋಮವಾರ

ತಮ್ಮ ಹಾಲಸಿದ್ದಪ್ಪನಿಗೆ ಅಣ್ಣನ ಆಶೀರ್ವಾದ.

ಎರಡನೇ ಇಯತ್ತೆಗೆ ಸಾಲಿ ಬಿಟ್ಟ ನನ್ನ ಕೈಯಿಂದ ಪತ್ರ ಬರೆಸುತ್ತೀಯಲ್ಲ, ನಿನಗೆ ಬೇರೆ ಕೆಲಸವಿಲ್ಲ.

ಮೊಮ್ಮಗಳು ಮಾಯವ್ವನಿಗೆ ಪ್ಲೇಗಿನ ಸೂಜಿ ಹಾಕಿಸು ಎಂದು ಹೇಳಿಕಳಿಸಿದ್ದೀಯ. ಓಣಿಯಲ್ಲಿ ಇಲಿ ಸಾಯುತ್ತಿರುವುದು ಖರೆ. ಆದರೆ ಆ ಸೂಜಿಯನ್ನು ನಾನು ನಂಬುವುದಿಲ್ಲ. ಬೀರಪ್ಪನ ಗುಡಿಯಲ್ಲಿ ಹೂ ಕೇಳಿದೆ. ಬಲಕ್ಕೆ ಬಿತ್ತು, ಹಾಕಿಸು ಎಂದು. ಗಾಳಿಗೆ ಬಿದ್ದಿರಬೇಕೆಂದು ಮತ್ತೆ ಕೇಳಿದೆ. ಮತ್ತೂ ಬಲಕ್ಕೇ. ಮೂರನೆಯ ಸಲ ಎಡಕ್ಕೆ ಬಿತ್ತು. ದೇವರೇ ಬೇಡವೆಂದ ಎಂದು ಎದ್ದೆ. ನಿನ್ನ ಅತ್ತಿಗೆ, "ಮೂರನೇ ಸಲ ಗಾಳಿ ಇರ್ಲಿಲ್ಲೇನ್ರಿ?" ಅಂದಳು. ಬೈದೆ.

ನಿನ್ನ ಮೇಲೂ ಸಂಶಯವಿದೆ. ನಿನ್ನ ಮಗಳಿಗೆ ಸೂಜಿ ಹಾಕಿಸಿದ್ದೀಯೋ, ಇಲ್ಲವೋ? ಸೂಜಿ ಹಾಕುವ ಡಾಕ್ಟರ್ ರವಿವಾರ ಬರುತ್ತಾನೆ. ಶನಿವಾರದೊಳಗೆ ಉತ್ತರ ಬರಬೇಕು.

ಜಕ್ಕಪ್ಪ