ಲಕ್ಷ್ಮಕ್ಕನ ಮಾತನ್ನು ನಾನು ಮೆತ್ತಗೆ ಮಾಡಿದ್ದು

ನಮ್ಮ ಮೇಷ್ಟ್ರಿಗೆ, ನಿಮ್ಮ ಕೊನೇ ಬೆಂಚಿನ ಸರೋಜ ಬರೆಯುವುದು.

ಹಿಂದೂಪುರದ ನಿಮ್ಮ ಮನೆಯ ಜಗಲಿಯಲ್ಲಿ ಆ ಅಮೆರಿಕದ ತತ್ತ್ವಜ್ಞಾನಿಯ ಪುಸ್ತಕ ಕೊಟ್ಟಿರಿ, ನೆನಪಿದೆಯೇ? "ಇವನನ್ನ ಅವರ ದೇಶದೋರೇ ಮರ್ತ್‌ಬುಟ್ಟವ್ರೆ ಕಣಮ್ಮ, ನಾವಾದ್ರೂ ಓದಾನ" ಎಂದಿರಿ. ನಾನು ಹತ್ತು ಪುಟಕ್ಕೇ ತೂಕಡಿಸಿದೆ. ಇಬ್ಬರ ನಡುವೆ ಅರ್ಥ ತಿಳಿಸುವ ಮೂರನೆಯವರು ಬೇಕು, ಅವರು ಇಬ್ಬರಿಗೂ ನಿಷ್ಠರಾಗಿರಬೇಕು ಅನ್ನುವುದು ಅವನ ವಾದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಮಗೆ ಇದನ್ನು ಅಮೆರಿಕದವನು ಹೇಳಿಕೊಡಬೇಕೇ ಎಂದು ನಕ್ಕಿದ್ದೆ.

ಹೋದ ತಿಂಗಳು ಕಲ್ಯಾಣದುರ್ಗದ ಪಕ್ಕದ ನಮ್ಮೂರಿನಲ್ಲಿ, ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯವರು ಜಮೀನು ಕೇಳಲು ಸಭೆ ಕರೆದರು. ಅವರಿಗೆ ಬರುವುದು ಹಿಂದಿ, ಇಂಗ್ಲಿಷು ಮಾತ್ರ. ಇಂಗ್ಲಿಷು ಟೀಚರೆಂದು ನನ್ನನ್ನು ನಡುವೆ ಕೂರಿಸಿದರು. ಪಕ್ಕದ ಮನೆಯ ಲಕ್ಷ್ಮಕ್ಕ ಎದ್ದು, "ನಮ್ಮ ಹೊಲದ ಬಾವಿ ತಂಟೆಗೆ ಬಂದ್ರೆ ಒಂದು ಗುಂಟೆನೂ ಕೊಡಲ್ಲ. ಅಂಗೇ ಹೇಳಮ್ಮ" ಎಂದಳು. ದೊಡ್ಡವರ ಮುಂದೆ ಅಷ್ಟು ಒರಟಾಗಿ ಹೇಗೆ ಹೇಳುವುದು? 'ಒಪ್ಪಿದ್ದಾಳೆ, ಬಾವಿಯ ಬಗ್ಗೆ ಒಂದು ಸಣ್ಣ ಕೋರಿಕೆಯಿದೆ' ಎಂದೆ. ಅವರು ಒಪ್ಪಿಗೆ ಎಂದು ಬರೆದುಕೊಂಡರು. ನನ್ನ ಮುಖ ನೋಡಿ ಅವಳು ಹೆಬ್ಬೆಟ್ಟು ಒತ್ತಿದಳು. ಮಾತು ಮೆತ್ತಗೆ ಮಾಡಿದ್ದು ಮರ್ಯಾದೆ ಅಂದುಕೊಂಡಿದ್ದೆ, ಮೇಷ್ಟ್ರೇ...

ಮೊನ್ನೆ ಬಾವಿಯ ಪಕ್ಕವೇ ಸರ್ವೆ ಕಲ್ಲು ನೆಟ್ಟರು. ಲಕ್ಷ್ಮಕ್ಕ ಬಂದು ಬಾಗಿಲಲ್ಲೇ ನಿಂತಳು. "ನಾನು ಅಂದಿದ್ದು ಅವರ್ಗೆ ಹೇಳಿದ್ಯೇನಮ್ಮ?" ಬೈದಿದ್ದರೆ ವಾಸಿಯಿತ್ತು. ನಿಮ್ಮ ಪುಸ್ತಕ ತೆಗೆದು ಮೊದಲಿನಿಂದ ಓದಿದೆ. ಹಿಂದೆ ನಗು ಬಂದ ಪುಟಗಳೇ ಈಗ ಚುಚ್ಚಿದವು.

ನಿನ್ನೆ ಕಂಪನಿಯವರ ಆಫೀಸಿಗೆ ಹೋಗಿ, ನಾನು ತಪ್ಪಾಗಿ ಹೇಳಿದೆ ಎಂದು ಬರೆದು ಸಹಿ ಹಾಕಿದೆ. ಅಲ್ಲಿದ್ದವರು ಮೊಬೈಲು ತೋರಿಸಿದರು. ಇನ್ನು ಮೇಲೆ ಭಾಷೆ ಬದಲಿಸಲು ಇದೇ ಸಾಕಂತೆ, ನಾನು ಬೇಡವಂತೆ. ಅದು ನನ್ನ ಹಾಗೆ ದಾಕ್ಷಿಣ್ಯಕ್ಕೆ ಬೀಳುವುದಿಲ್ಲವೇನೋ. ಆದರೆ ಅದು ತಪ್ಪಿದರೆ ಲಕ್ಷ್ಮಕ್ಕ ಯಾರ ಬಾಗಿಲಿಗೆ ಹೋಗಬೇಕು? ನೀವು ಬದುಕಿದ್ದಿದ್ದರೆ ಕೇಳುತ್ತಿದ್ದೆ.

ಸೋಮವಾರ ಮತ್ತೆ ಸಭೆಯಿದೆ. ಬಾವಿ ಉಳಿಯುತ್ತದೆಂಬ ಭರವಸೆ ನನಗಿಲ್ಲ. ಕಂಪನಿಯವರು ನನ್ನನ್ನು ಕರೆದಿಲ್ಲ. ಇವತ್ತು ಬೆಳಿಗ್ಗೆ ಲಕ್ಷ್ಮಕ್ಕ ಬಂದು ಕರೆದಳು.

"ನೀನೇ ಬಾರಮ್ಮ. ಈ ಸಲ ನಾನು ಬೈದ್ರೆ ನೀನೂ ಬೈಯಿ."

ಹೋಗುತ್ತೇನೆ, ಮೇಷ್ಟ್ರೇ.