ಮುಂಗಡ ಸನ್ಮಾನ ಪಡೆದ ವ್ಯವಸ್ಥಾಪಕರಿಗೆ

ಬಸ್ ಘಟಕದ ಮಾನ್ಯ ವ್ಯವಸ್ಥಾಪಕರೇ,

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ತಾಲ್ಲೂಕುಗಳಲ್ಲಿ ನನ್ನನ್ನು ಕೇಳದೆ ಯಾವ ಅಧಿಕಾರಿಯೂ ಚಹಾ ಲೋಟ ಎತ್ತುವುದಿಲ್ಲ. ಅಂಥ ನಾನು ಇಂದು ಪತ್ರಿಕೆಯ ಮೂಲಕ ಕೈಮುಗಿದು ಬೇಡುತ್ತಿದ್ದೇನೆ: ಸವಳಂಗ ರಸ್ತೆಯ ನಮ್ಮೂರ ಕ್ರಾಸಿನಲ್ಲಿ ಬೆಳಗಿನ ಬಸ್ಸು ನಿಲ್ಲಿಸಿ. ನನ್ನ ಅಕ್ಕನ ಮಗಳು ಧನುಶ್ರೀ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಬಸ್ಸು ನಿಲ್ಲದೆ ಮೊದಲ ತರಗತಿ ತಪ್ಪಿ ತಪ್ಪಿ ಹಾಜರಾತಿ ಸಾಲದಾಗಿದೆ. ಇನ್ನೂ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದಾರೆ.

ನೆನಪಿದೆಯೇ, "ನಿಲುಗಡೆ ಕೊಡೋಣ" ಎಂದು ನೀವು ತಲೆಯಾಡಿಸಿದ ವಾರದಲ್ಲೇ ನಾವು ನಿಮಗೆ ಸನ್ಮಾನ ಮಾಡಿದ್ದು? ಕೆಲಸವಾಗುವ ಮೊದಲೇ ಶಾಲು ಹೊದಿಸಿದರೆ ಅಧಿಕಾರಿಗೆ ಹುರುಪು ಬರುತ್ತದೆ ಎಂಬುದು ನನ್ನದೇ ಐಡಿಯಾ. ಪೇಟ, ಹಣ್ಣಿನ ಬುಟ್ಟಿ, ಊಟ, ಕ್ರಾಸಿನಲ್ಲಿ ನಿಮ್ಮ ಫ್ಲೆಕ್ಸು, ಎಲ್ಲ ನನ್ನ ಜೇಬಿನಿಂದಲೇ. ಒಟ್ಟು ಆದದ್ದು... ಬಿಡಿ, ಈ ಪತ್ರಿಕೆಯನ್ನು ನನ್ನ ಹೆಂಡತಿಯೂ ಓದುತ್ತಾಳೆ.

ಅಂದು ನೀವು ಪರಿಣಾಮಕಾರಿ ನಾಯಕನ ಗುಣಗಳ ಬಗ್ಗೆ ಅನ್ನ ಆರುವವರೆಗೆ ಮಾತಾಡಿದಿರಿ. ನಾಯಕನಿಗೆ ದೂರದೃಷ್ಟಿ ಬೇಕು ಎಂದಿರಿ. ನಿಮ್ಮ ಚಾಲಕನಿಗೆ ಅದು ಧಾರಾಳವಾಗಿದೆ. ಹತ್ತಿರ ನಿಂತ ಹುಡುಗಿಯರು ಮಾತ್ರ ಕಾಣುವುದಿಲ್ಲ. ನಾಯಕ ಸದಾ ಮುಂದೆ ಸಾಗಬೇಕು ಎಂದಿರಿ. ಬಸ್ಸು ಅದನ್ನೇ ಮಾಡುತ್ತಿದೆ. ಜನರ ಮಾತು ಆಲಿಸಬೇಕು ಎಂದಿರಿ. ನಾನು ಫೋನು ಮಾಡಿದಾಗಲೆಲ್ಲ ನೀವು ಮೀಟಿಂಗಿನಲ್ಲಿರುತ್ತೀರಿ, ಅಲ್ಲಿ ಬಹುಶಃ ಆಲಿಸುತ್ತಿರುತ್ತೀರಿ. ಆಡಿದ ಮಾತನ್ನು ಒಂದು ಹಾಳೆಯ ಆದೇಶವಾಗಿ ಇಳಿಸುವ ಗುಣವೂ ಒಂದಿದೆಯಲ್ಲವೇ? ಅದನ್ನು ಹೇಳುವ ಮೊದಲೇ ಊಟಕ್ಕೆ ಎದ್ದುಬಿಟ್ಟಿರಾ?

ಹೋದ ಸೋಮವಾರ ನಾನೇ ರಸ್ತೆಗೆ ಅಡ್ಡ ನಿಂತೆ. ಬಸ್ಸು ನನ್ನ ಪಕ್ಕದಿಂದ ಬಳಸಿ ಹೋಯಿತು. ಕಂಡಕ್ಟರ್ ಕಿಟಕಿಯಿಂದಲೇ ಕೂಗಿದ: "ಯಜಮಾನ್ರೇ, ಆರ್ಡರ್ ಬಂದಿಲ್ರಿ! ಫ್ಲೆಕ್ಸ್ ನೋಡಿ ಬ್ರೇಕ್ ಹೊಡಿಯಾಕೆ ಆಗ್ತೈತಾ?"

ನಿಮ್ಮ ಆಳೆತ್ತರದ ಮುಖದ ನೆರಳಲ್ಲಿ ನಿಂತಿದ್ದ ಧನುಶ್ರೀ, "ಮಾವ, ನಿಮ್ ಸಾಹೇಬ್ರು ನಗ್ತಾನೇ ಅದಾರೆ. ಬಸ್ಸು ಮಾತ್ರ ಹೋತು" ಎಂದಳು.

ಸಂಜೆ ನನ್ನ ಅಕ್ಕ ಕರಿಬಸಮ್ಮ ಅಂಗಳದಲ್ಲೇ ತಡೆದಳು. "ಪರೀಕ್ಷೆಗೇ ಕೂರ್ಸಲ್ಲ ಅಂದ್ಮೇಲೆ ಇವಳನ್ನ ಯಾಕೆ ಕಳಿಸ್ಲಿ? ಮನೇಲೇ ಇರ್ಲಿ. ನಿನ್ನ ಬಾಯಿ ನಂಬಿ ಕೆಟ್ಟೆ ಕಣೋ." ಹುಡುಗಿ ಪುಸ್ತಕದ ಚೀಲ ಇಳಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸಾಹೇಬರೇ, ಪತ್ರಿಕೆಗೇ ಬರೆಯುವುದೆಂದು ನಾನು ಅಂಗಳದಿಂದಲೇ ಹಿಂತಿರುಗಿದೆ.

ಪೇಟ, ಶಾಲು ವಾಪಸ್ ಬೇಡ. ಬರುವ ಸೋಮವಾರದೊಳಗೆ ಆದೇಶ ಕಳಿಸಿ. ಆಗದಿದ್ದರೆ ಅಂದು ಬೆಳಿಗ್ಗೆ ಜೀಪು ಬಿಟ್ಟು ಬಂದು, ನಿಮ್ಮದೇ ಫ್ಲೆಕ್ಸಿನ ಕೆಳಗೆ ಧನುಶ್ರೀಯ ಪಕ್ಕ ನಿಂತು, ಒಮ್ಮೆ ಕೈ ಅಡ್ಡ ಹಿಡಿಯಿರಿ. ಬಸ್ಸು ನಿಂತರೆ ಅವಳನ್ನು ಹತ್ತಿಸಿ ಕಳಿಸಿ. ನಿಲ್ಲದಿದ್ದರೆ ಅವಳ ತಾಯಿಗೆ ನೀವೇ ಏನಾದರೂ ಹೇಳಿ. ನನ್ನಲ್ಲಿ ಮಾತು ಮುಗಿದಿದೆ.

ಇಂತಿ,
ಅದೇ ಫ್ಲೆಕ್ಸಿನ ಎಡಮೂಲೆಯಲ್ಲಿ, ಅಂಚೆಚೀಟಿಯಷ್ಟು ಫೋಟೊದಲ್ಲಿ, ಇನ್ನೂ ಕೈಮುಗಿದೇ ನಿಂತಿರುವ
ಧನುಶ್ರೀಯ ಮಾವ ತಿಪ್ಪೇಶಪ್ಪ