ಆಫ್ ಮಾಡುವ ಮೊದಲು ಸ್ವಲ್ಪ ಹೊತ್ತು ಕೂರಿ

ವಾಹನ ತಪಾಸಣೆಯ ಮೇಲಧಿಕಾರಿಗಳೇ,

ನನ್ನ ಕಾರು ಕೆಟ್ಟಿಲ್ಲ. ತಮ್ಮ ಇನ್‌ಸ್ಪೆಕ್ಟರರು ಅದನ್ನು ಚಾಲೂ ಮಾಡಿ, ಬಿಸಿಲಿನಿಂದ ಬೇವಿನ ಮರದ ನೆರಳಿಗೆ ಸರಿಸಿ, ತಕ್ಷಣ ಆಫ್ ಮಾಡಿದರು. ಆಮೇಲೆ ಅದು ಚಾಲೂ ಆಗಲಿಲ್ಲ. ಅಷ್ಟಕ್ಕೇ ‘ಚಲನೆಗೆ ಯೋಗ್ಯವಲ್ಲ’ ಎಂದು ಷರಾ ಬರೆದು, ಕಚೇರಿಯ ಹಿಂದೆ ನಿಲ್ಲಿಸಿಕೊಂಡು, ಈಗ ಗುಜರಿಗೆ ಹಾಕುತ್ತೇವೆಂದು ನನಗೆ ನೋಟಿಸು ಕಳಿಸಿದ್ದೀರಿ. ಅರ್ಜಿಯನ್ನು ‘ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಹಾಗೆ ಶುರು ಮಾಡಿದ ನನ್ನ ಅರ್ಜಿಗಳು ತಮ್ಮ ಕಚೇರಿಯಲ್ಲಿ ಯಾವ ಕಪಾಟಿನಲ್ಲಿ ವಿಶ್ರಾಂತಿ ಪಡೆಯುತ್ತಿವೆಯೋ ತಿಳಿಯದು. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ, ಬೆಗ್ ಮಾಡದೆಯೇ ಸ್ಟೇಟ್ ಮಾಡುತ್ತಿದ್ದೇನೆ.

ಇದು ಎರಡೇ ಸೀಟಿನ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು. ಗಣಿಯ ಕಾಲದಲ್ಲಿ ಹೊಸಪೇಟೆಯ ಗುತ್ತಿಗೆದಾರರೊಬ್ಬರು ಶೋಕಿಗೆ ತರಿಸಿದ್ದು. ಗಣಿ ನಿಂತಿತು, ಶೋಕಿ ನಿಂತಿತು, ಎಂಜಿನ್ ತುಕ್ಕು ಹಿಡಿದು ಸೀಜ್ ಆಯಿತು, ಬಾನೆಟ್ಟಿನೊಳಗೆ ಬೆಕ್ಕು ಮರಿ ಹಾಕಿತು. ಗಿಣಿಗೇರಾದ ಹತ್ತಿರದ ಕಬ್ಬಿಣದ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಂಡು ನಿವೃತ್ತನಾದ ನಾನು ಅದನ್ನು ಮನೆಗೆ ತಂದೆ. ಹಳೆ ಎಂಜಿನ್ನಿನ ಬದಲಿಗೆ ಗಂಗಾವತಿಯ ಮೆಕ್ಯಾನಿಕ್ ಸಾದಿಕ ಮುಂಬೈನ ಗುಜರಿ ಬಜಾರಿನಿಂದ ಟರ್ಬೊ ಇರುವ ರೋಟರಿ ಎಂಜಿನ್ ಹುಡುಕಿ ತಂದ. ರೋಟರಿಯಲ್ಲಿ ಪಿಸ್ಟನ್ ಎಂಬುದೇ ಇಲ್ಲ. ಮೂರು ಮೂಲೆಯ ತುಂಡೊಂದು ಗೂಡಿನೊಳಗೆ ಗರಗರ ತಿರುಗುತ್ತದೆ. ಟರ್ಬೊ ಎಂದರೆ ಹೊರಗೆ ಹೋಗುವ ಹೊಗೆಯ ರಭಸಕ್ಕೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಫ್ಯಾನು. ನಮ್ಮ ಪಠ್ಯಪುಸ್ತಕದಲ್ಲಿ ಈ ರೋಟರಿಯ ಚಿತ್ರವಿತ್ತು. ಲೆಕ್ಚರರು ‘ದಿಸ್ ಈಸ್ ನಾಟ್ ಫಾರ್ ಎಗ್ಸಾಮಿನೇಶನ್’ ಎಂದು ಆ ಪುಟವನ್ನು ಮಗುಚಿಬಿಟ್ಟರು. ಪರೀಕ್ಷೆಗೆ ಬಂದದ್ದೆಲ್ಲ ಮರೆತಿದೆ, ಆ ಒಂದು ಪುಟ ಉಳಿದಿದೆ.

ಆ ಮೂರು ಮೂಲೆಯ ತುಂಡನ್ನು ನನ್ನ ಹೆಂಡತಿ ನೇತ್ರಾವತಿ ತೊಡೆಯ ಮೇಲಿಟ್ಟುಕೊಂಡು, ಸಮೋಸಾ ತಿರುಗಿದರೆ ಗಾಡಿ ಓಡುತ್ತದೆಂದು ನಿಮಗೆ ಯಾರು ಹೇಳಿದರು ಎಂದು ಕೇಳಿದ್ದಳು. ನಗಬೇಡಿ, ಅವಳ ಮಾತು ತಮ್ಮ ತಪಾಸಣೆಗೆ ಸಂಬಂಧಪಟ್ಟದ್ದೇ. ಎಂಜಿನ್ ಕೂರಿಸಿದಾಗ ಟರ್ಬೊದ ಕೊಳವೆ ಬ್ರೇಕ್ ಎಣ್ಣೆಯ ಡಬ್ಬಿಗೆ ತೀರ ಹತ್ತಿರ ಬಂತು. ನಡುವೆ ಬಿಸಿ ತಡೆಯಲು ಏನಾದರೂ ಬೇಕಿತ್ತು. ಸಾದಿಕ ಹಚ್ಚಿದ ತಗಡುಗಳೆಲ್ಲ ಸೊಟ್ಟಗಾದವು. ಆಗ ಅವಳು ಅಡುಗೆಮನೆಯಿಂದ ರೊಟ್ಟಿ ಹಂಚು ತಂದು ಅವನ ಮುಂದಿಟ್ಟಳು.

“ಲಗ್ನ ಆದಾಗಿಂದ ಬೆಂಕಿ ಮ್ಯಾಲ ಕುಂತೈತಿ, ಇನ್ನೂ ಸೊಟ್ಟ ಆಗಿಲ್ಲ. ಇದನ್ನ ಹಚ್ಚಿ ನೋಡು.”

“ಅಕ್ಕಾರ, ನಾಳಿ ರೊಟ್ಟಿ ಯಾತರ ಮ್ಯಾಲ ಮಾಡ್ತೀರಿ?” ಅಂದ ಸಾದಿಕ.

“ನಾಳಿ ನಿಮ್ಮ ಸಾಹೇಬ್ರು ಸಮೋಸಾ ತಿಂತಾರ, ಬಿಡು.”

ಸಾದಿಕ ಹಂಚನ್ನು ಕತ್ತರಿಸಿ ಬೋಲ್ಟು ಬಿಗಿದ. ಇವತ್ತಿಗೂ ಅದು ಅಲ್ಲೇ ಇದೆ. ತಮ್ಮ ಇನ್‌ಸ್ಪೆಕ್ಟರರು ಬಾನೆಟ್ ಎತ್ತಿ, ಗಾಡಿಯೋ ಅಡುಗೆಮನೆಯೋ ಎಂದು ಕೇಳಿ ನಕ್ಕರು. ನಾನೂ ನಕ್ಕೆ. ಸರಕಾರಿ ಕಚೇರಿಯಲ್ಲಿ ಅಧಿಕಾರಿ ನಕ್ಕಾಗ ಅರ್ಜಿದಾರ ಗಂಭೀರವಾಗಿರಬಾರದು ಎಂಬಷ್ಟು ಲೋಕಜ್ಞಾನ ನನಗಿದೆ.

ಈ ಎಂಜಿನ್ನಿಗೆ ಎರಡು ಹಟ. ಒಂದು, ತಣ್ಣಗಿದ್ದಾಗ ಚಾಲೂ ಮಾಡಿದರೆ ಬಿಸಿಯಾಗುವತನಕ ಬಿಡಬೇಕು. ನಡುವೆಯೇ ಆಫ್ ಮಾಡಿದರೆ ಒಳಗೆ ಪೆಟ್ರೋಲು ತುಂಬಿಕೊಂಡು ಪ್ಲಗ್ಗುಗಳು ತೊಯ್ದುಹೋಗುತ್ತವೆ, ಮತ್ತೆ ಚಾಲೂ ಆಗುವುದಿಲ್ಲ. ನಾವೂ ಮೊದಮೊದಲು ಇದೇ ತಪ್ಪು ಮಾಡಿ ಬೀದಿಯ ಜನರೆದುರು ಗಾಡಿ ತಳ್ಳಿದವರೇ, ಇನ್‌ಸ್ಪೆಕ್ಟರರನ್ನು ದೂರಲಾರೆ. ಆದರೆ ನಾವು ಪ್ಲಗ್ ಬಿಚ್ಚಿ ಒಣಗಿಸಿ ಹಾಕಿದೆವು, ಗಾಡಿ ಎದ್ದಿತು. ನಾವು ಷರಾ ಬರೆಯಲಿಲ್ಲ. ಅದೊಂದೇ ವ್ಯತ್ಯಾಸ.

ಎರಡನೆಯ ಹಟ ಟರ್ಬೊದ್ದು. ಓಡಿ ಬಂದ ಮೇಲೆ ಥಟ್ಟನೆ ಆಫ್ ಮಾಡಬಾರದು. ನಿಂತಲ್ಲೇ ಸ್ವಲ್ಪ ಹೊತ್ತು ಎಂಜಿನ್ ಗುನುಗುತ್ತಿರಬೇಕು, ಎಣ್ಣೆ ಹರಿದು ಅದು ತಣಿಯಬೇಕು. ಎಂಜಿನ್ ಬದಲಿಸಿದ ಗಾಡಿಯನ್ನು ತಮ್ಮ ಪರವಾನಗಿ ಬರುವತನಕ ಸಾರ್ವಜನಿಕ ರಸ್ತೆಗೆ ಇಳಿಸಬಾರದೆಂಬ ಕಾನೂನು ನನಗೆ ಗೊತ್ತು. ಹಾಗಾಗಿ ಇನ್ನೂ ಹೆಚ್ಚು ಮನೆಗಳು ಬಾರದ ನಮ್ಮ ಲೇಔಟಿನ ಗೇಟಿನೊಳಗೇ ಸಂಜೆ ಹೊತ್ತು ಸುತ್ತುತ್ತಿದ್ದೆವು. ಎಡಗಡೆಯ ಸೀಟಿನಲ್ಲಿ ನೇತ್ರಾವತಿ. ಸುತ್ತಿ ಬಂದು ಮನೆಯ ಮುಂದೆ ನಿಂತು, ಎಂಜಿನ್ ತಣಿಯುವತನಕ ಇಬ್ಬರೂ ಒಳಗೇ ಕೂರುವುದು.

ಇದನ್ನು ತಮಗೆ ಹೇಗೆ ತಿಳಿಸಲಿ? ಕಾರ್ಖಾನೆಯ ಶಿಫ್ಟಿನ ದೆಸೆಯಿಂದ ನಾನು ಮನೆಗೆ ಬಂದಾಗ ಅವಳು ಮಲಗಿರುತ್ತಿದ್ದಳು, ಅವಳು ಎದ್ದಾಗ ನಾನು ಮಲಗುತ್ತಿದ್ದೆ. ಮದುವೆಯಾದ ಮೇಲೆ ನಾವು ಆಡಿದ್ದು ಗ್ಯಾಸು ಮುಗಿದ ಮಾತು, ನಲ್ಲಿ ನೀರು ಬಂದ ಮಾತು. ಬಾಕಿಯದೆಲ್ಲ ಆ ಸೀಟಿನಲ್ಲಿ ಆಡಿದ್ದು. ಕಿನ್ನಾಳದಲ್ಲಿ ಅವಳ ಅಜ್ಜ ಗೊಂಬೆಗಳಿಗೆ ಕಣ್ಣು ಬರೆಯುವಾಗ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲವಂತೆ, ಸುಮ್ಮನಿರುವುದು ತನಗೆ ಅಲ್ಲಿಂದಲೇ ಅಂಟಿಕೊಂಡಿತಂತೆ. ಅಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಹೀಗೇಕೆ ಸುಮ್ಮನಿರುತ್ತಾಳೆಂದು ನಾನು ಕೇಳಿರಲೇ ಇಲ್ಲ. ಮಾತು ನಿಂತಾಗ ಅವಳು ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು ಕೇಳುವಳು:

“ತಣ್ಣಗಾತೇನ್ರಿ?”

“ಇನ್ನೂ ಇಲ್ಲ” ಅನ್ನುತ್ತಿದ್ದೆ. ತಣ್ಣಗಾಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ.

ಪರವಾನಗಿ ಬಂದರೆ ಗಂಗಾವತಿ ದಾಟಿ ಆನೆಗೊಂದಿಯ ಹೊಳೆಯತನಕ ಹೋಗೋಣ ಎಂದಿದ್ದಳು. ನನ್ನ ಅರ್ಜಿ ‘ಅಂಡರ್ ಕನ್ಸಿಡರೇಶನ್’ ಇತ್ತು. ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಅರ್ಜಿ ಆಗಲೂ ಕನ್ಸಿಡರೇಶನ್ನಿನಲ್ಲೇ ಇತ್ತು. ಒಬ್ಬ ಮನುಷ್ಯ ಎರಡು ಸೀಟಿನ ಗಾಡಿಯಲ್ಲಿ ಹೊಳೆ ನೋಡಿ ಬರಲು ಇಷ್ಟೊಂದು ಆಲೋಚಿಸಬೇಕೆ? ತಾವು ಬೇಡವೆಂದಿದ್ದರೂ ನಡೆಯುತ್ತಿತ್ತು, ಬಸ್ಸಿಗೆ ಹೋಗಿ ಬರುತ್ತಿದ್ದೆವು. ತಾವು ಏನೂ ಅನ್ನಲಿಲ್ಲ, ನಾವು ಕಾಯುತ್ತ ಕೂತೆವು.

ಅವಳು ಹೋದ ಮೇಲೂ ಸಂಜೆ ಸುತ್ತಿ ಬಂದು ಮನೆಯ ಮುಂದೆ ಎಂಜಿನ್ ಗುನುಗಲು ಬಿಟ್ಟು ಕೂರುತ್ತಿದ್ದೆ. ಎದುರು ಮನೆಯ ಶಂಕ್ರಮ್ಮ ಸ್ವಲ್ಪ ದಿನ ತಡೆದುಕೊಂಡಳು. ಆಮೇಲೆ ಒಂದು ದಿನ ಕಟ್ಟೆಯ ಮೇಲಿಂದಲೇ, “ಸುಭಾಷಣ್ಣಾ, ಆಫ್ ಮಾಡ್ರಿ ಅದನ್ನ. ಮನಿ ತುಂಬ ಹೊಗಿ ಬರಾಕತ್ತೈತಿ” ಅಂದಳು. ಅವಳದು ನ್ಯಾಯವಾದ ಮಾತು. ಇನ್ನೂ ತಣ್ಣಗಾಗಿಲ್ಲ ಎಂದು ಅವಳಿಗೆ ಹೇಳಲು ಬರುತ್ತದೆಯೇ? ಆಫ್ ಮಾಡಿ ಒಳಗೆ ಹೋದೆ. ಒಳಗೆ ಹೋಗಿ ಏನು ಮಾಡಬೇಕೆಂದು ತಿಳಿಯದೆ ಕೈಕಾಲು ತೊಳೆದೆ.

ಅದಾದ ಮೇಲೆ ತಪಾಸಣೆಗೆ ಬರಲು ತಮ್ಮ ಕರೆ ಬಂತು. ಗಾಡಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದೆ. ಮುಂದಿನದು ಮೇಲೆ ಹೇಳಿದ್ದೇನೆ. ಇನ್‌ಸ್ಪೆಕ್ಟರರು ಕೀಲಿಗೆ ಕೈ ಹಾಕಿದಾಗ ನನ್ನ ಬಾಯಿಂದ ಗಾಬರಿಗೆ ಇಂಗ್ಲಿಷೇ ಬಂತು, ‘ಸರ್, ಡೋಂಟ್ ಆಫ್, ಪ್ಲೀಸ್ ವೇಟ್’ ಎಂದೆ. ಅವರು ಆಗಲೇ ಇಳಿದಿದ್ದರು. ಪ್ಲಗ್ ಬಿಚ್ಚಲು ಅಪ್ಪಣೆ ಕೊಡಿ, ಸಾದಿಕ ಇಲ್ಲೇ ನಿಂತಿದ್ದಾನೆ ಎಂದೆ. ತಮ್ಮ ಗುಮಾಸ್ತರು ಕನ್ನಡಕ ಒರೆಸುತ್ತ ಕಾನೂನು ವಿವರಿಸಿದರು:

“ಗಾಡಿ ಚಾಲೂ ಆದ್ರ ಸಾಹೇಬ್ರು ತೀರ್ಮಾನ ಮಾಡ್ತಾರ್ರಿ. ತೀರ್ಮಾನ ಆಗೂತನಕ ಗಾಡಿ ಯಾರೂ ಮುಟ್ಟಂಗಿಲ್ರಿ.”

ಸಾದಿಕ ನನ್ನ ಮುಖ ನೋಡಿದ. “ಸಾಹೇಬ್ರ, ನಡೀರಿ. ಇವರ ಪ್ಲಗ್ಗೂ ತೊಯ್ದಾವು.”

ಮೊನ್ನೆ ಕಾಂಪೌಂಡಿನ ಹೊರಗಿನಿಂದ ನೋಡಿ ಬಂದೆ. ಎಡಗಡೆಯ ಗಾಜು ಯಾರೋ ಇಳಿಸಿಟ್ಟಿದ್ದಾರೆ. ಆ ಸೀಟಿನ ತುಂಬ ಬೇವಿನ ಎಲೆ.

ನನ್ನ ಬೇಡಿಕೆ ಇಷ್ಟೇ. ಗುಜರಿಯ ನೋಟಿಸು ಹಿಂದೆ ಪಡೆಯಿರಿ. ಹಂಚಿಗೆ ಯಾರೂ ಕೈ ಹಚ್ಚಕೂಡದು. ಸಾದಿಕನಿಗೆ ಪ್ಲಗ್ ಒಣಗಿಸಲು ಬಿಡಿ. ಮರುತಪಾಸಣೆಗೆ ಇನ್‌ಸ್ಪೆಕ್ಟರರನ್ನು ಕಳಿಸಬೇಡಿ, ತಾವೇ ಬನ್ನಿ. ಆ ಎಲೆಗಳನ್ನು ನಾನೇ ಝಾಡಿಸಿ ಕೊಡುತ್ತೇನೆ, ಎಡಗಡೆಯ ಸೀಟಿನಲ್ಲಿ ಕೂರಿ. ತಮ್ಮ ಆವರಣದೊಳಗೇ ಎಂಜಿನ್ ಬಿಸಿಯಾಗುವಷ್ಟು ಸುತ್ತೋಣ, ಬ್ರೇಕು ಒತ್ತಿ ನೋಡಿ, ಸದ್ದು ಕೇಳಿ, ಬೇಕಾದ್ದು ಬರೆದುಕೊಳ್ಳಿ. ನಿಂತ ಮೇಲೆ ಮಾತ್ರ ಲಗುಬಗೆಯಿಂದ ಇಳಿಯಬೇಡಿ. ಸ್ವಲ್ಪ ಹೊತ್ತು ಕೂರಿ. ಮಾತಾಡಲೇಬೇಕೆಂದಿಲ್ಲ. ತಣ್ಣಗಾಯಿತೇ ಎಂದು ಒಮ್ಮೆ ಕೇಳಿ, ಸಾಕು. ಈ ಸಲ ನಿಜವನ್ನೇ ಹೇಳುತ್ತೇನೆ.

ಇಂತಿ,
ಬಲಗಡೆಯ ಸೀಟಿನವ,
ಸುಭಾಷ್
ಗಿಣಿಗೇರಾ